ಕಿವಿರಾಯರ ಹಸಿರು ಪರದೆ

ತಾಪತ್ರಯ ಶುರುವಾದದ್ದು ಒಂದು ಸಾಲಿನಿಂದ. ಆ ಸಾಲು ಬರೆದವರು ಸ್ವತಃ ಕಿವಿರಾಯರು. ಬರೆಯಿರಿ ಎಂದು ಯಾರೂ ಅವರಿಗೆ ಹೇಳಿರಲಿಲ್ಲ.

ಭಾನುವಾರ ಸಂಜೆ ನಾಲ್ಕಕ್ಕೆ ನೀರು ಸರಬರಾಜು ಕಚೇರಿಯ ದೊಡ್ಡ ಸಾಹೇಬರು ಬೀದಿಗೆ ಬಂದು ‘ಸೋರಿಕೆಯಿಲ್ಲದ ಬೀದಿ’ ಎಂಬ ನೀಲಿ ಫಲಕದ ಪರದೆ ಸರಿಸುವವರಿದ್ದರು. ಬೀದಿಯ ಒಂಬತ್ತು ಮನೆಗಳಿಗೂ ತಿಳಿವಳಿಕೆ ಪತ್ರ ಹಂಚುವುದು ಕಿವಿರಾಯರ ಕೆಲಸ. ದಿನ, ಹೊತ್ತು, ಜಾಗ ಬರೆದಿದ್ದರೆ ಸಾಕಿತ್ತು. ಆದರೆ ಶನಿವಾರ ಸಂಜೆ ಅವರಿಗೆ ಒಂದು ಅನುಮಾನ ಹತ್ತಿತು. ಇಷ್ಟೇ ಬರೆದರೆ ಏನನ್ನೋ ಮುಚ್ಚಿಟ್ಟ ಹಾಗಾಗುವುದಿಲ್ಲವೇ? ಕೊನೆಯಲ್ಲಿ ತಮ್ಮ ದುಂಡು ಅಕ್ಷರದಲ್ಲಿ ಇನ್ನೊಂದು ಸಾಲು ಸೇರಿಸಿದರು: ‘ಸಾಹೇಬರು ಇಚ್ಛೆಪಟ್ಟಲ್ಲಿ ಮನೆಗಳ ಹಿತ್ತಲನ್ನೂ ನೋಡಬಹುದು.’

ಒಂಬತ್ತು ಪ್ರತಿ ಬರೆದು, ಎಂಟನ್ನು ಹಂಚಿ, ಒಂಬತ್ತನೆಯದನ್ನು ನಿಯಮದ ಪ್ರಕಾರ ತಮ್ಮ ಮನೆಗೇ ತಂದು ಓದಿದಾಗ ಅವರಿಗೆ ಒಂದು ವಿಷಯ ಹೊಳೆಯಿತು. ಒಂಬತ್ತನೆಯ ಮನೆಗೂ ಹಿತ್ತಲಿತ್ತು.

ಕಿವಿರಾಯರು ಆ ಕಚೇರಿಯಲ್ಲಿ ಸೋರಿಕೆ ಪತ್ತೆ ಮಾಡುವ ಸಹಾಯಕರು. ಉದ್ದನೆಯ ಕಬ್ಬಿಣದ ಕೋಲಿನ ಒಂದು ತುದಿಯನ್ನು ಪೈಪಿಗೆ ತಾಗಿಸಿ, ಇನ್ನೊಂದು ತುದಿಯ ಮರದ ಬಟ್ಟಲನ್ನು ಕಿವಿಗೊತ್ತಿ, ನೆಲದೊಳಗೆ ನೀರು ಎಲ್ಲಿ ಪಿಸುಗುಟ್ಟುತ್ತಿದೆ ಎಂದು ಕೇಳುವುದು ಅವರ ಉದ್ಯೋಗ. ಸಂಜೆ ತರಗತಿಗೆ ಹೋಗಿ, ಎರಡು ಸಲ ಡುಮ್ಕಿ ಹೊಡೆದು, ಮೂರನೆಯ ಸಲ ಪಾಸಾಗಿ ಸಂಪಾದಿಸಿದ ಕೆಲಸ. ದಿನವಿಡೀ ಕಿವಿಗೆ ಕೋಲು ಆನಿಸಿಕೊಂಡೇ ನಿಲ್ಲುತ್ತಿದ್ದುದರಿಂದ ಅವರ ಹೆಸರು ಜನರಿಗೆ ಮರೆತು ಕಿವಿಯೊಂದೇ ಉಳಿದಿತ್ತು. ಕಾಂಪೌಂಡಿನೊಳಗೆ ನೀರು ಸೋರುವುದು ಕಂಡುಬಂದರೆ ಅದು ಮನೆಯವರ ತಪ್ಪು. ಅದಕ್ಕೆ ದಂಡ, ಅದರ ಮೇಲೆ ಒಂದು ವಾರ ನಲ್ಲಿ ಬಂದ್.

ಇಂಥ ಕಿವಿರಾಯರ ಸ್ವಂತ ಹಿತ್ತಲು ಎರಡು ವರ್ಷದಿಂದ ಒದ್ದೆಯಾಗಿತ್ತು.

ಮಳೆಯಿರಲಿ, ಬೇಸಿಗೆಯಿರಲಿ, ಹಿತ್ತಲಿನ ತಗ್ಗಿನ ಅರ್ಧ ಭಾಗ ನೆನೆಸಿಟ್ಟ ಬ್ರೆಡ್ಡಿನ ಹಾಗೆ ಉಬ್ಬಿಕೊಂಡು ಕೂತಿತ್ತು. ಕಾಲಿಟ್ಟರೆ ಚಪ್ಪಲಿ ವಾಪಸು ಬರುತ್ತಿರಲಿಲ್ಲ. ನಕ್ಷೆಯಲ್ಲಿದ್ದ ಪೈಪುಗಳಲ್ಲಿ ಕಿವಿರಾಯರು ಕೋಲು ಇಟ್ಟು ಕೇಳದ ಒಂದು ಗೇಣೂ ಉಳಿದಿರಲಿಲ್ಲ. ಪ್ರತಿ ಸಲವೂ ಕೇಳಿಸಿದ್ದು ತಮ್ಮ ಎದೆ ಹೊಡೆದುಕೊಳ್ಳುವ ಸದ್ದು. ದೂರು ಕೊಡಬಹುದಿತ್ತು. ಆದರೆ ಆ ಬೀದಿಯ ದೂರುಗಳು ಬರುವುದು ಅವರ ಮೇಜಿಗೇ. ತಾವೇ ದೂರು ಬರೆದು, ತಾವೇ ತೆಗೆದುಕೊಂಡು, ತಾವೇ ಬಂದು ನೋಡಿ, ತಮಗೇ ದಂಡ ಹಾಕಿ, ತಮ್ಮ ಹೆಂಡತಿಯ ಎದುರಿಗೆ ತಮ್ಮ ನಲ್ಲಿಯನ್ನು ತಾವೇ ಮುಚ್ಚಬೇಕು. ಕೊನೆಯದೊಂದನ್ನು ಬಿಟ್ಟು ಉಳಿದದ್ದಕ್ಕೆಲ್ಲ ಅವರು ತಯಾರಾಗಿದ್ದರು.

ಹೀಗೆ ತಯಾರಾಗುತ್ತಿರುವಾಗಲೇ ವರ್ಷದ ವರದಿಯ ದಿನ ಬಂತು. ಬೀದಿಯಿಂದ ಒಂದೇ ಒಂದು ದೂರೂ ಬಂದಿರಲಿಲ್ಲ. ಅದು ನಿಜವೇ ಆದ್ದರಿಂದ ಬರೆದರು: ‘ಸೋರಿಕೆ: ಇಲ್ಲ.’ ಮರುವರ್ಷವೂ ಅದೇ. ಆ ಎರಡು ‘ಇಲ್ಲ’ಗಳಿಗೆ ಈಗ ಫಲಕ ಬಂದಿತ್ತು. ಫಲಕದ ಜೊತೆಗೆ, ಹದಿನಾಲ್ಕು ವರ್ಷ ಕಾದ ಬಡ್ತಿಯ ಪತ್ರವನ್ನು ಸಾಹೇಬರು ಎಲ್ಲರ ಮುಂದೆ ಕೈಗೆ ಕೊಡುತ್ತಾರೆಂಬ ಸುದ್ದಿಯೂ ಬಂದಿತ್ತು.

ಕಿವಿರಾಯರದು ಮೂಲೆ ಮನೆ. ಉಳಿದವರ ಹಿತ್ತಲುಗಳಿಗೆ ಆಳೆತ್ತರದ ಹಳೆಯ ಗೋಡೆಗಳಿದ್ದವು. ಇವರದಕ್ಕೆ ಪಕ್ಕದ ಓಣಿಯ ಉದ್ದಕ್ಕೂ ತಂತಿಬೇಲಿ ಮಾತ್ರ. ಗೋಡೆ ಕಟ್ಟಲು ಪಾಯ ತೋಡಿದರು, ಮೊಳದಾಳಕ್ಕೇ ಬಾವಿಯಾಯಿತು. ತಗಡು ಹೊಡೆಸಲು ಕಂಬ ನೆಟ್ಟರು, ಸಂಜೆಯೊಳಗೆ ಕಂಬಗಳು ಒಂದೊಂದಾಗಿ, ಯಾರಿಗೂ ತೊಂದರೆಯಾಗದಂತೆ, ಮೆಲ್ಲಗೆ ಮಲಗಿದವು. ಕೊನೆಗೆ ಗಿಡದ ಬೇಲಿಯೇ ಗತಿ ಎಂದು ದಾಸವಾಳ ನೆಟ್ಟರು. ಬೇರು ಕೊಳೆಯಿತು. ಕ್ರೋಟನ್ ನೆಟ್ಟರು. ಅದು ಎಲೆಗಳನ್ನೆಲ್ಲ ಒಟ್ಟಿಗೆ ಉದುರಿಸಿ ರಾಜೀನಾಮೆ ಕೊಟ್ಟಿತು.

ಮೂರನೆಯ ಸಲ ಬಂದಾಗ ನರ್ಸರಿಯ ಹೆಂಗಸು ಇವರ ಮುಖ ನೋಡಿ ನಕ್ಕಳು.

“ಸಾರ್, ನೀರಿನ ಜೊತೆ ಯಾಕೆ ಜಗಳ ಆಡ್ತೀರಾ? ನೀರು ಬೇಕು ಅನ್ನೋ ಗಿಡಾನೇ ಇಡಿ. ನೀರು ನಿಲ್ಲೋ ಕಡೆ ಜೊಂಡು. ಅದರ ಹಿಂದೆ ಕೆಸರಲ್ಲಿ ಕಾಬಾಳೆ, ಎಲೆ ಅಗಲ ಇರುತ್ತೆ, ಹೂವೂ ಬಿಡುತ್ತೆ. ಬಿದಿರು ಬೇಕು ಅಂದ್ರೆ ಮಣ್ಣು ಏರಿಸಿ ದಿಬ್ಬ ಮಾಡಿ ಅದರ ಮೇಲಿಡಿ, ಬುಡ ಮುಳುಗಬಾರದು. ಗುಂಪಾಗಿ ಬೆಳೆಯೋ ಜಾತಿ ತಗೊಳ್ಳಿ. ಓಡೋ ಜಾತಿ ತಗೊಂಡ್ರೆ ಪಕ್ಕದ ಮನೆಯೋರು ನಿಮ್ಮನ್ನ ಓಡಿಸ್ತಾರೆ.”

ಒಂದೂವರೆ ವರ್ಷದಲ್ಲಿ ಅದು ಎದ್ದು ನಿಂತ ರೀತಿ ನೋಡಿ ಕಿವಿರಾಯರಿಗೇ ಹೆದರಿಕೆಯಾಯಿತು. ಜೊಂಡು ತಲೆಯೆತ್ತರ, ಕಾಬಾಳೆ ಅದಕ್ಕೂ ಮೇಲೆ, ದಿಬ್ಬದ ಬಿದಿರು ಎಲ್ಲಕ್ಕಿಂತ ಮೇಲೆ. ಓಣಿಯಿಂದಲೂ, ಹಿಂಬಾಗಿಲಿಂದಲೂ ಕೆಸರು ಒಂದು ಅಂಗೈಯಷ್ಟೂ ಕಾಣುತ್ತಿರಲಿಲ್ಲ. ಜೀವನದಲ್ಲಿ ಅವರು ಕೈಹಾಕಿದ ಕೆಲಸ ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಆದದ್ದು ಇದೊಂದೇ. ಆದ್ದರಿಂದಲೇ ಅವರಿಗೆ ಅನುಮಾನ. ಊರೆಲ್ಲ ಒಣಗಿ ಹಪ್ಪಳವಾಗಿರುವ ಈ ಬಿಸಿಲಿನಲ್ಲಿ, ಒದ್ದೆ ಮುಚ್ಚಲು ಬೆಳೆಸಿದ ಹಸಿರೇ ‘ಇಲ್ಲಿ ಒದ್ದೆಯಿದೆ’ ಎಂದು ಕೂಗುತ್ತಿದೆಯಲ್ಲ?

ಭಾನುವಾರ ಬೆಳಿಗ್ಗೆ ಏಳಕ್ಕೆ, ಹಲ್ಲುಜ್ಜುತ್ತ ಪರದೆಯ ಮುಂದೆ ನಿಂತು ಅವರು ಇದನ್ನೇ ಯೋಚಿಸುತ್ತಿದ್ದಾಗ ತಂತಿಬೇಲಿಯ ಆಚೆಯಿಂದ ಕೆಮ್ಮು ಕೇಳಿಸಿತು. ಪಕ್ಕದ ಮನೆಯ ದರ್ಜಿ. ಕೊರಳಲ್ಲಿ ಅಳತೆಯ ಟೇಪು ಭಾನುವಾರವೂ ಇಳಿದಿರಲಿಲ್ಲ.

“ಒಳ್ಳೇ ಹಸಿರು ಸಾರ್ ನಿಮ್ದು.”

“ಏನೋ, ಹೀಗೇ,” ಎಂದರು ಕಿವಿರಾಯರು, ಬಾಯ ತುಂಬ ನೊರೆಯಲ್ಲಿ.

“ನಮ್ಮಲ್ಲಿ ಒಂದ್ ಕಡ್ಡಿ ಹುಲ್ಲೂ ಬದುಕಿಲ್ಲ. ಒಣಗಿ ಭಣಭಣ ಅಂತಿದೆ. ನಿಮ್ಮ ಹಿತ್ತಲು ನೋಡಿದ್ರೆ ತಂಪಾಗುತ್ತೆ.”

“ತಂಪು ಅಂದ್ರೆ?”

“ತಂಪು ಅಂದ್ರೆ ತಂಪು ಸಾರ್.” ದರ್ಜಿ ಓಣಿಯ ಎರಡೂ ಕಡೆ ನೋಡಿ ದನಿ ಇಳಿಸಿದ. “ಸಾಹೇಬ್ರು ಬರೋದು ನಾಲ್ಕಕ್ಕೇ ತಾನೇ? ಹಿತ್ತಲೂ ನೋಡ್ತಾರಂತೆ?”

“ಇಚ್ಛೆಪಟ್ಟಲ್ಲಿ.”

“ದೊಡ್ಡೋರ ಇಚ್ಛೆ, ಯಾವಾಗ ಬರುತ್ತೆ ಅಂತ ಹೇಳೋಕಾಗುತ್ತಾ? ಸಾರ್, ಒಂದ್ ಆರು ಬುಡ ಕಿತ್ತು ಕೊಡ್ತೀರಾ? ಎತ್ತರದ್ದು. ಈಗ್ಲೇ.”

“ಈಗಲೇ ಯಾಕೆ?”

“ಮಾತು ನಮ್ಮಿಬ್ಬರಲ್ಲೇ ಇರುತ್ತೆ ಸಾರ್. ಊರೋರ ಬಟ್ಟೆ ಹೊಲಿಯೋನು ನಾನು, ನನ್ನ ಬಾಯಿ ಹೊಲ್ಕೊಳ್ಳೋಕೆ ಬರಲ್ವಾ?”

ಕಿವಿರಾಯರು ನೊರೆ ನುಂಗಿಬಿಟ್ಟರು.

ಅಡುಗೆಮನೆಗೆ ಓಡಿ ಬಂದಾಗ ಹೆಂಡತಿ ಚಹಾ ಸೋಸುತ್ತಿದ್ದರು.

“ಗೊತ್ತಾಗಿಹೋಗಿದೆ ಅವನಿಗೆ!”

“ಏನು?”

“ಎಲ್ಲ! ಬಾಯಿ ಮುಚ್ಚೋಕೆ ಆರು ಬುಡ ಕೇಳ್ತಿದ್ದಾನೆ.”

“ರೀ, ಗಿಡ ಕೇಳಿದ ಅಂದ್ರೆ ಗಿಡ ಕೇಳಿದ ಅಂತ. ಅಷ್ಟೇ.”

“ನಿನಗೆ ಜನ ಗೊತ್ತಿಲ್ಲ ಕಣೇ. ಅವನು ‘ತಂಪು’ ಅಂದ. ಹೇಗೆ ಅಂದ ಅಂತ ನೀನು ಕೇಳಿಸಿಕೊಳ್ಳಬೇಕಿತ್ತು.”

“ನಿಮ್ಮ ಕಿವಿಗೆ ಪೈಪು ಬಿಟ್ಟು ಬೇರೆಲ್ಲ ಕೇಳಿಸುತ್ತೆ,” ಎಂದು ಹೆಂಡತಿ ಲೋಟ ಮುಂದಿಟ್ಟರು. “ಎರಡು ವರ್ಷದಿಂದ ಹೇಳ್ತಿದ್ದೀನಿ. ಸಾಹೇಬ್ರ ಹತ್ರ ಹೋಗಿ ಒಂದ್ ಮಾತು ಹೇಳ್ಬಿಡಿ. ಅಬ್ಬಬ್ಬಾ ಅಂದ್ರೆ ಬೈತಾರೆ.”

“ಇವತ್ತೊಂದು ದಿನ ಕಳೀಲಿ.”

ಆರು ಬುಡ ಕಾಬಾಳೆ ಕಿತ್ತರು. ಒಂದೊಂದು ಬುಡವೂ ಗೆಡ್ಡೆಯ ಸಮೇತ ಮೇಲೆ ಬರುವಾಗ ‘ಪ್ಲಕ್’ ಎಂದು ಸದ್ದು ಮಾಡುತ್ತಿತ್ತು. ಆ ಸದ್ದು ಬೀದಿಗೆಲ್ಲ ಕೇಳಿಸಿದ ಹಾಗೆ ಕಿವಿರಾಯರು ಪ್ರತಿ ಸಲವೂ ಸುತ್ತ ನೋಡಿ ಒಂದು ಕೆಮ್ಮು ಸೇರಿಸುತ್ತಿದ್ದರು. ಪರದೆಯಲ್ಲಿ ಒಂದು ಕಿಟಕಿಯಷ್ಟು ಸಂದಿಯಾಯಿತು. ಪರವಾಗಿಲ್ಲ, ಎಲೆಗಳನ್ನು ಈ ಕಡೆಗೆ ಬಗ್ಗಿಸಿ ಕಟ್ಟಿದರೆ ಮುಚ್ಚುತ್ತದೆ ಎಂದು ಸಮಾಧಾನ ಮಾಡಿಕೊಂಡರು.

ಎಂಟೂವರೆಗೆ ಬೇಕರಿಯವನು ಬಂದ. ಬಾಗಿಲು ತುಂಬುವಷ್ಟು ದೊಡ್ಡ ಆಳು, ನಾಚಿಕೆ ಸ್ವಭಾವ. ಕೈಯಲ್ಲಿ ಬಿಸಿ ಬ್ರೆಡ್ಡು.

“ಅಣ್ಣಾ, ಮನೆಗೆ ಅಂತ ತಂದೆ.”

“ಯಾಕಪ್ಪಾ ಇದೆಲ್ಲ?”

“ದರ್ಜಿ ಹೊತ್ಕೊಂಡು ಹೋಗ್ತಿದ್ದದ್ದು ಕಣ್ಣಾರೆ ನೋಡ್ದೆ ಅಣ್ಣಾ. ಅವನಿಗೆ ಉಂಟು ನನಗಿಲ್ಲ ಅಂದ್ರೆ ಮನಸ್ಸಿಗೆ ಬೇಜಾರಾಗುತ್ತೆ. ಬೇಜಾರಾದ್ರೆ ನಾನು ಏನ್ ಮಾತಾಡ್ತೀನಿ ಅಂತ ನನಗೇ ಗೊತ್ತಿರಲ್ಲ. ನಮ್ಮನೆಯೋಳು ಅದನ್ನೇ ಹೇಳ್ತಿರ್ತಾಳೆ.”

ಕಿವಿರಾಯರು ಅವನನ್ನು ಒಳಗೆಳೆದು ಬಾಗಿಲು ಮುಚ್ಚಿದರು. “ನಿನಗೆ ಎಷ್ಟು ಗೊತ್ತು, ಹೇಳಿಬಿಡು.”

ಬೇಕರಿಯವನು ಸ್ವಲ್ಪ ಯೋಚಿಸಿದ. “ಎಲ್ಲ ಗೊತ್ತು ಅಣ್ಣಾ. ಎಷ್ಟು ಆಳಕ್ಕೆ ನೆಡ್ಬೇಕು ಅನ್ನೋದೊಂದು ಗೊತ್ತಿಲ್ಲ.”

ಹತ್ತು ಬುಡ ಹೋಯಿತು. ಅವನು ತನ್ನ ಬ್ರೆಡ್ಡಿನ ತಳ್ಳುಗಾಡಿ ತಂದು, ಗಿಡಗಳನ್ನು ಅಡ್ಡ ಮಲಗಿಸಿ, ಮೇಲೆ ಬಿಳಿ ಬಟ್ಟೆ ಹೊದಿಸಿಕೊಂಡು ಮುಂಬಾಗಿಲ ಬೀದಿಯಲ್ಲೇ ತಳ್ಳಿಕೊಂಡು ಹೋದ. ನೋಡಿದವರಿಗೆ ಯಾರೋ ಉದ್ದನೆಯ ಮನುಷ್ಯ ತೀರಿಕೊಂಡ ಹಾಗೆ ಕಾಣುತ್ತಿತ್ತು.

ಆ ಮೆರವಣಿಗೆ ಗಣಿತದ ಮೇಡಂ ಕಣ್ಣಿಗೆ ಬಿತ್ತು. ನಿವೃತ್ತರಾಗಿ ಹತ್ತು ವರ್ಷವಾಗಿದ್ದರೂ ಅವರು ಎದುರಿಗೆ ಬಂದರೆ ಬೀದಿಯ ಗಂಡಸರು ಷರಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು. ಅವರು ನೇರ ಹಿತ್ತಲಿಗೇ ನಡೆದು ಬಂದು, ಉಳಿದ ಬುಡಗಳನ್ನು ಕಣ್ಣಲ್ಲೇ ಎಣಿಸಿದರು.

“ನಮ್ಮ ಹಿತ್ತಲು ಅಗಲ ಹದಿನೆಂಟು ಅಡಿ ಕಣಪ್ಪಾ. ಅಡಿಗೊಂದು ಗಿಡ. ಎಷ್ಟು ಬೇಕು?”

“ಹದಿನೆಂಟು ಮೇಡಂ.”

“ಹತ್ತೊಂಬತ್ತು. ಎರಡು ತುದೀಲೂ ಒಂದೊಂದು ಬರಲ್ವಾ? ಮೂವತ್ತು ವರ್ಷ ಹೇಳಿಕೊಟ್ಟೆ, ಎಲ್ರೂ ಇಲ್ಲೇ ಎಡವೋರು.”

“ಹತ್ತೊಂಬತ್ತು ಕೊಟ್ಟರೆ ನನಗೆ ಉಳಿಯೋದು...”

“ಅದು ಕಳೆಯೋ ಲೆಕ್ಕ, ನೀನೇ ಮಾಡ್ಕೋ.” ಮೇಡಂ ಹತ್ತಿರ ಸರಿದು, ಪರೀಕ್ಷೆಯ ಕೋಣೆಯಲ್ಲಿ ಮಾತಾಡುವಂತೆ ಮೆಲ್ಲಗೆ ಹೇಳಿದರು: “ನೋಡಪ್ಪಾ, ನಿನ್ನ ಹಿತ್ತಲ ವಿಷಯ ನಾನು ಎತ್ತಲ್ಲ. ನೀನೂ ನನ್ನ ಹಿತ್ತಲ ಕಡೆ ತಲೆ ಹಾಕಬೇಡ. ಇಬ್ಬರಿಗೂ ಮರ್ಯಾದೆ.”

ಕಿವಿರಾಯರಿಗೆ ಮೊದಲನೆಯ ವಾಕ್ಯ ಮಾತ್ರ ಕೇಳಿಸಿತು. ಗುದ್ದಲಿ ಎತ್ತಿಕೊಂಡರು.

ಆಮೇಲೆ ತಡೆಯುವವರೇ ಇರಲಿಲ್ಲ. ಉಳಿದ ಐದು ಮನೆಯವರೂ ಬಂದರು. ಒಬ್ಬೊಬ್ಬರೇ ಬಂದರು, ಅಕ್ಕಪಕ್ಕ ನೋಡಿಕೊಂಡು ಬಂದರು, ದನಿ ಇಳಿಸಿ ಮಾತಾಡಿದರು. ಫೋಟೋ ಸ್ಟುಡಿಯೋದವನು ಕಣ್ಣು ಮಿಟುಕಿಸಿದ. ಗಡಿಯಾರ ರಿಪೇರಿಯವರು ಏನೂ ಮಾತಾಡದೆ ಕಿವಿರಾಯರ ಎರಡೂ ಕೈ ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತರು. ಅದು ಎಲ್ಲಕ್ಕಿಂತ ಭಯಂಕರವಾಗಿತ್ತು. ಬ್ರೆಡ್ಡಿನ ಗಾಡಿ ಎಂಟು ಮನೆಗೂ ಓಡಾಡಿತು. ಕಾಬಾಳೆ ಮುಗಿದ ಮೇಲೆ ಜೊಂಡು ಹೋಯಿತು. ಜೊಂಡು ಮುಗಿದ ಮೇಲೆ ಕಿವಿರಾಯರು ಸೊಂಟಕ್ಕೆ ಕೈಯಿಟ್ಟು ನೆಟ್ಟಗಾಗಿ ಸುತ್ತಲೂ ನೋಡಿದರು.

ಹೊತ್ತು ಎರಡೂವರೆ. ದಿಬ್ಬದ ಮೇಲಿನ ಒಂದು ಬುಡ ಬಿದಿರನ್ನು ಬಿಟ್ಟರೆ ಪರದೆಯೇ ಇರಲಿಲ್ಲ. ಗಿಡ ಕಿತ್ತ ಒಂದೊಂದು ಗುಂಡಿಯಲ್ಲೂ ನೀರು ತುಂಬಿಕೊಂಡು, ಐವತ್ತು ಅರವತ್ತು ಕನ್ನಡಿಗಳು ಬಿಸಿಲಿಗೆ ಥಳಥಳಿಸುತ್ತಿದ್ದವು. ಮೊದಲು ಬರೀ ಒದ್ದೆಯಾಗಿತ್ತು. ಈಗ ಒದ್ದೆಗೆ ಅಲಂಕಾರ ಮಾಡಿಟ್ಟ ಹಾಗಿತ್ತು.

ಹೆಂಡತಿ ಹಿಂಬಾಗಿಲಿಗೆ ಬಂದು ನೋಡಿದರು.

“ಮುಚ್ಚೋಕೆ ಒಂದೂವರೆ ವರ್ಷ ಆಯ್ತು. ತೆಗೆಯೋಕೆ ಒಂದೇ ಹೊತ್ತು ಸಾಕಾಯ್ತು.”

“ಎಂಟು ಜನರ ಬಾಯಿ ಮುಚ್ಚಿದೆನಲ್ಲ!”

“ಸಾಹೇಬ್ರ ಕಣ್ಣು ಯಾವುದರಲ್ಲಿ ಮುಚ್ತೀರಾ?”

ಕಿವಿರಾಯರು ಒಳಗೆ ಓಡಿದರು. ಮನೆಯಲ್ಲಿದ್ದ ಹೊದಿಕೆ, ಹಾಸಿಗೆ ಬಟ್ಟೆ, ಕಿಟಕಿ ಪರದೆಗಳನ್ನೆಲ್ಲ ಎಳೆದು ತಂದು, ತಂತಿಬೇಲಿಯ ಉದ್ದಕ್ಕೂ ಒಗೆದು ಹರವಿದ ಹಾಗೆ ಹರವಿದರು. ಏಳನೆಯ ಹೊದಿಕೆಯ ಭಾರಕ್ಕೆ ಬೇಲಿಯ ಕಂಬ ನಿಟ್ಟುಸಿರು ಬಿಟ್ಟು ವಾಲಿತು. ಅದರ ಪಕ್ಕದ್ದು ಅದನ್ನೇ ಅನುಸರಿಸಿತು. ಇಡೀ ಬೇಲಿ ಹೊದಿಕೆಗಳ ಸಮೇತ ಕೆಸರಿನೊಳಗೆ ಮಲಗಿತು. ಹಿಡಿಯಲು ಹೋದ ಕಿವಿರಾಯರೂ ಅದರ ಜೊತೆ ಮಲಗಿದರು.

ಎದ್ದು ಕೂರುವ ಹೊತ್ತಿಗೆ ಓಣಿಯಲ್ಲಿ ಜೀಪು ನಿಂತಿತ್ತು. ಸಾಹೇಬರು ಅರ್ಧ ಗಂಟೆ ಮುಂಚೆ ಬಂದಿದ್ದರು. ಮನೆಗಳ ಮುಂದಿನ ಬೀದಿಯಲ್ಲಿ ಫಲಕ ನಿಲ್ಲಿಸುತ್ತಿದ್ದುದರಿಂದ ಚಾಲಕ ಜೀಪನ್ನು ಓಣಿಗೆ ತಂದಿದ್ದ.

ಸಾಹೇಬರು ಇಳಿದು ಬಂದು, ಮಲಗಿದ ಬೇಲಿಯನ್ನೂ, ಗುಂಡಿಗಳನ್ನೂ, ನಡುವೆ ಕೆಸರಲ್ಲಿ ಚಕ್ಕಂಬಕ್ಕಳ ಹಾಕಿ ಕೂತ ತಮ್ಮ ಸಹಾಯಕನನ್ನೂ ನೋಡಿದರು. ತೆಳ್ಳಗಿನ ಮನುಷ್ಯ, ಮಾತು ಕಮ್ಮಿ.

“ಇದೇನ್ರೀ ಇದು?”

ಕಿವಿರಾಯರು ಎರಡು ವರ್ಷದಿಂದ ತಯಾರು ಮಾಡಿಕೊಂಡಿದ್ದ ಮಾತುಗಳೆಲ್ಲ ಒಟ್ಟಿಗೆ ಬಾಗಿಲಿಗೆ ನುಗ್ಗಿದವು. “ಸೋರಿಕೆ ಸಾರ್. ನಮ್ಮನೇಲೇ. ಎರಡು ವರ್ಷ ಆಯ್ತು. ಕೋಲಿಟ್ಟು ಕೇಳಿದೆ, ಸಿಗಲಿಲ್ಲ. ದೂರು ಬರೆಯೋಣ ಅಂದ್ರೆ ನನಗೇ ಬರೀಬೇಕು. ಮುಚ್ಚೋಕೆ ಗಿಡ ಬೆಳೆಸಿದೆ. ಈಗ ಅದೂ ಉಳೀಲಿಲ್ಲ. ಬಡ್ತಿ ಬೇಡ ಸಾರ್, ಕೆಲಸ ಮಾತ್ರ ತೆಗೀಬೇಡಿ.”

ಹೇಳಿ ಮುಗಿಸಿದಾಗ ಅವರಿಗೆ ಆಶ್ಚರ್ಯವಾಯಿತು. ಎದೆಯ ಮೇಲಿಂದ ಒಂದು ಚಪ್ಪಡಿ ಎತ್ತಿದಂತೆ ಹಗುರ. ಸಾಹೇಬರು ಬೈಯಲೂ ಇಲ್ಲ.

“ಉಳಿದ ಎಂಟು ಮನೆ?”

“ಒಣಗಿ ಭಣಭಣ ಅಂತಿವೆ ಸಾರ್. ಕಳ್ಳ ನಾನೊಬ್ಬನೇ.”

“ನೋಡೋಣ ನಡೀರಿ.”

ದರ್ಜಿ ಬಾಗಿಲು ತೆರೆದಾಗ ಅವನ ಕೈಯಲ್ಲಿ ಇನ್ನೂ ಹಸಿ ಮಣ್ಣಿತ್ತು. ಹಿಂಬಾಗಿಲಿನಿಂದ ನೋಡಿದರೆ ಹಿತ್ತಲಿನ ಅಡ್ಡಕ್ಕೆ, ಅಳತೆ ಹಿಡಿದು ನೆಟ್ಟ ಹಾಗೆ, ಕಾಬಾಳೆಯ ಸಾಲು. ಸಾಹೇಬರು ಮುಂದೆ ಹೋಗಿ ಎರಡು ಎಲೆಗಳನ್ನು ಸರಿಸಿದರು. ಅದರಾಚೆ ಕೆಸರು. ಕೆಸರಿನ ಮೇಲೆ ದಾಟಲು ಹಲಗೆ. ಹಲಗೆಯ ಮೇಲೆ ಒಂದು ಕಪ್ಪೆ, ಮನೆಯ ಯಜಮಾನನಂತೆ ಕೂತಿತ್ತು.

ಕಿವಿರಾಯರು ದರ್ಜಿಯ ಕಡೆ ತಿರುಗಿದರು. “ನಿಮ್ಮಲ್ಲೂನಾ? ಒಣಗಿದೆ ಅಂದ್ಯಲ್ಲೋ!”

“ಮತ್ತೆ ನಿಮ್ಮ ಹತ್ರ ಒದ್ದೆಯಾಗಿದೆ ಅಂತ ಹೇಳೋಕಾಗುತ್ತಾ ಸಾರ್?” ದರ್ಜಿ ಕೈಮುಗಿದ. “ಎರಡು ವರ್ಷದಿಂದ ಹೀಗೇ. ನೀವು ದಂಡ ಹಾಕಿ ನಲ್ಲಿ ಮುಚ್ಚಿದ್ರೆ ಮಕ್ಕಳು ಮರಿ ಏನ್ ಮಾಡೋದು? ನೀವು ಕೋಲು ಹಿಡ್ಕೊಂಡು ಬೀದೀಲಿ ಹೋಗ್ತಿದ್ರೆ ನಾವು ಉಸಿರು ಬಿಗಿಹಿಡ್ಕೊಂಡು ಕೂತಿರ್ತೀವಿ.”

“ನನಗೆ ಹೆದರ್ತೀರಾ? ನನಗಾ?” ಕಿವಿರಾಯರು ಹಿಂದೆ ಬೇರೆ ಯಾರಾದರೂ ನಿಂತಿದ್ದಾರೆಯೇ ಎಂದು ತಿರುಗಿ ನೋಡಿದರು.

ಬೇಕರಿಯವನ ಹಿತ್ತಲಲ್ಲೂ ಅದೇ ಸಾಲು, ಅದರ ಹಿಂದೆ ಅದೇ ಕೆಸರು. ಸ್ಟುಡಿಯೋದವನಲ್ಲಿ ಜೊಂಡು, ಗಡಿಯಾರದವರಲ್ಲಿ ಜೊಂಡು. ಮೇಡಂ ಹಿತ್ತಲಲ್ಲಿ ಅಡಿಗೊಂದರಂತೆ ಹತ್ತೊಂಬತ್ತು.

“ಮೇಡಂ, ನೀವೂ...” ಎಂದರು ಕಿವಿರಾಯರು.

“ತಲೆ ಹಾಕಬೇಡ ಅಂತ ಹೇಳಿರಲಿಲ್ವಾ ನಿನಗೆ?” ಎಂದು ಮೇಡಂ ಗದರಿದರು. ಶಾಲೆಯ ದಿನಗಳ ಅಭ್ಯಾಸಬಲದಿಂದ ಸಾಹೇಬರೂ ಒಂದು ಹೆಜ್ಜೆ ಹಿಂದೆ ಸರಿದರು.

ಅಷ್ಟರಲ್ಲಿ ಬೀದಿಯವರೆಲ್ಲ ಅಲ್ಲಿ ಸೇರಿದ್ದರು. ಸಾಹೇಬರು ಜೀಪಿನಿಂದ ಕೋಲು ತರಿಸಿ, ಮೇಡಂ ಹಿತ್ತಲಿನ ಹಿಂದಿನ ಗೋಡೆಯ ಬುಡದಲ್ಲಿ ನೆಲಕ್ಕೆ ಊರಿ, ಕಿವಿಯಿಟ್ಟು ಒಂದು ನಿಮಿಷ ಕಣ್ಣು ಮುಚ್ಚಿದರು.

“ಒಂಬತ್ತು ಹಿತ್ತಲು, ಒಂದೇ ಸಾಲು, ಒಂದೇ ನೀರು. ಗೋಡೆ ಹಿಂದೆ ಇಲಾಖೆಯ ಹಳೇ ಪೈಪಿದೆ. ಒಡೆದಿರೋದು ಅದು. ಮನೆಯವರ ತಪ್ಪು ಏನೂ ಇಲ್ಲ, ಯಾರಿಗೂ ದಂಡವಿಲ್ಲ.”

“ಆ ಪೈಪು ನಕ್ಷೆಯಲ್ಲಿಲ್ಲ ಸಾರ್,” ಎಂದರು ಕಿವಿರಾಯರು, ಸಣ್ಣ ದನಿಯಲ್ಲಿ. ನಕ್ಷೆಯಲ್ಲಿ ಇಲ್ಲದ ಕಡೆ ಕಿವಿಗೊಡಬಹುದು ಎಂದು ಅವರಿಗೆ ಎಂದೂ ಹೊಳೆದಿರಲಿಲ್ಲ.

“ಒಂದೇ ಒಂದು ದೂರು ಬಂದಿದ್ರೂ ಎರಡು ವರ್ಷದ ಹಿಂದೇನೇ ಸಿಗೋದು. ಯಾಕೆ ಬರಲಿಲ್ಲ?” ಸಾಹೇಬರು ಜನರ ಕಡೆ ತಿರುಗಿದರು. “ಅದಿರಲಿ. ಎಲ್ಲ ಮನೇಲೂ ಅದೇ ಕಾಬಾಳೆ, ಅದೇ ಜೊಂಡು, ಎಲ್ಲವೂ ಇವತ್ತು ನೆಟ್ಟಿದ್ದು. ಇದನ್ನ ಹಂಚಿದ್ದು ಯಾರು?”

ದಂಡವಿಲ್ಲ ಎಂಬ ಮಾತು ಕೇಳಿ ಬೀದಿಯವರ ಎದೆ ತುಂಬಿ ಬಂದಿತ್ತು. ಉಪಕಾರ ಮಾಡಿದವನನ್ನು ಮರೆಯುವ ಜನ ಅವರಲ್ಲ.

“ಇವ್ರೇ ಸಾರ್! ಬೆಳಿಗ್ಗೆಯಿಂದ ತಾವೇ ಅಗೆದು ಕೊಟ್ರು!” ಎಂದ ದರ್ಜಿ.

“ಎಷ್ಟು ಆಳಕ್ಕೆ ನೆಟ್ರೆ ಕೆಸರು ಕಾಣಲ್ಲ ಅಂತಾನೂ ಹೇಳಿಕೊಟ್ರು ಸಾರ್. ನಮ್ಮಣ್ಣ ಚಿನ್ನದಂಥ ಮನುಷ್ಯ,” ಎಂದು ಬೇಕರಿಯವನು ಕಣ್ಣೊರೆಸಿಕೊಂಡ.

“ಕೇಳಿದಷ್ಟು ಕೊಟ್ಟ,” ಎಂದು ಮೇಡಂ ಕೂಡ ಒಪ್ಪಿಕೊಂಡರು. ಅವರು ಯಾರಿಗೂ ಸುಲಭವಾಗಿ ನಂಬರು ಕೊಡುವವರಲ್ಲ.

ಕಿವಿರಾಯರು ಕೈಯಾಡಿಸಿ, ಕಣ್ಣಾಡಿಸಿ, ತಲೆಯಾಡಿಸಿ ತಡೆಯಲು ನೋಡಿದರು. ಅದು ಅವರ ವಿನಯ ಎಂದುಕೊಂಡು ಎಲ್ಲರೂ ಇನ್ನೂ ಎರಡು ಮಾತು ಜಾಸ್ತಿ ಹೇಳಿದರು.

ಸಾಹೇಬರು ಜೇಬಿಗೆ ಕೈ ಹಾಕಿ, ಅರ್ಧ ಹೊರಗೆ ಇಣುಕುತ್ತಿದ್ದ ಒಂದು ಲಕೋಟೆಯನ್ನು ಒಳಗೆ ತಳ್ಳಿದರು.

“ಅಂದ್ರೆ, ಸೋರಿಕೆ ಹಿಡಿಯೋಕೆ ಇಲಾಖೆ ಇಟ್ಟ ಮನುಷ್ಯ ಬೀದಿಗೆಲ್ಲ ಸೋರಿಕೆ ಮುಚ್ಚೋ ಸಾಮಾನು ಸರಬರಾಜು ಮಾಡಿದ್ದಾರೆ. ಒಂದೇ ದಿನದಲ್ಲಿ, ಎಂಟು ಮನೆಗೆ.” ಅವರು ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. “ನಾಳೆ ಹತ್ತು ಗಂಟೆಗೆ ನನ್ನ ಮೇಜಿನ ಮೇಲೆ ವಿವರಣೆ ಇರಬೇಕು. ಯಾರ್ಯಾರಿಗೆ ಯಾವ ಗಿಡ, ಎಷ್ಟು ಬುಡ, ಅವರ ಹಿತ್ತಲಲ್ಲಿ ನೀರು ಎಷ್ಟು, ಪೂರ್ತಿ ಪಟ್ಟಿ. ಒಂದು ಹೆಸರು ಬಿಟ್ಟುಹೋದರೂ ಅದನ್ನ ಸುಳ್ಳು ವರದಿ ಅಂತಲೇ ತಗೊಳ್ತೀನಿ. ಸುಳ್ಳು ವರದಿ ಇದು ಮೂರನೇದಾಗುತ್ತೆ, ನೆನಪಿರಲಿ. ಆಮೇಲೆ ಕೆಲಸದ ಮಾತು ನನ್ನ ಕೈಲಿರಲ್ಲ.”

ಫಲಕವನ್ನು ಗೋಣಿಯಲ್ಲಿ ಸುತ್ತಿ ಜೀಪಿಗೆ ಹಾಕಿದರು. ಬೀದಿಯವರು ಮನೆಗಳಿಗೆ ಹೊರಟರು. ಹೋಗುವಾಗ ಸ್ಟುಡಿಯೋದವನು ಕಿವಿರಾಯರ ಬೆನ್ನು ತಟ್ಟಿದ. ನಿನ್ನೆಯವರೆಗೆ ಅವನು ಹತ್ತು ಅಡಿ ದೂರದಿಂದ ನಮಸ್ಕಾರ ಹೇಳುತ್ತಿದ್ದ. ಹದಿನಾಲ್ಕು ವರ್ಷ ಒಂದು ಬೀದಿಗೆ ಬೀದಿಯೇ ತಮಗೆ ಹೆದರುತ್ತಿತ್ತು ಎಂಬ ಸಂಗತಿ ಕಿವಿರಾಯರಿಗೆ ಗೊತ್ತಾದದ್ದು, ಅದು ಹೆದರುವುದನ್ನು ಬಿಟ್ಟ ದಿನ. ಒಂದು ವಾರ ಮುಂಚೆ ಗೊತ್ತಾಗಿದ್ದರೆ ಒಂದು ಸಲವಾದರೂ ಗತ್ತಿನಿಂದ ನಡೆದು ನೋಡಬಹುದಿತ್ತು.

ಓಣಿಯಲ್ಲಿ ಸಾಹೇಬರು ಜೀಪು ಹತ್ತಲಿಲ್ಲ. ಚಾಲಕನನ್ನು ಬೇಕರಿಗೆ ಚಹಾ ಕುಡಿಯಲು ಕಳಿಸಿ, ದಿಬ್ಬದ ಮೇಲಿನ ಬಿದಿರನ್ನೇ ನೋಡುತ್ತ ನಿಂತರು.

“ಇದು ಬೇಗ ಬೆಳೆಯುತ್ತಾ?”

“ಬೆಳೆಯುತ್ತೆ ಸಾರ್.”

“ಮಹಡಿ ಮನೆಯವರಿಗೂ ಏನೂ ಕಾಣಲ್ವಾ?”

“ಇಲ್ಲ ಸಾರ್.”

ಸಾಹೇಬರು ಗಂಟಲು ಸರಿಮಾಡಿಕೊಂಡರು. “ನನಗಲ್ಲ. ಸ್ನೇಹಿತರೊಬ್ಬರಿಗೆ. ಪಾಪ, ದೊಡ್ಡ ಹುದ್ದೇಲಿರೋರು, ಹಿತ್ತಲು ಸ್ವಲ್ಪ ತೇವ.”

ಕಿವಿರಾಯರು ಅವರ ಮುಖ ನೋಡಿದರು. ಆಮೇಲೆ ಗುದ್ದಲಿ ತಂದರು. ಅಗೆಯುತ್ತ, ಗಿಡದ ಮೇಲಿನ ಕಾಳಜಿಯಿಂದ ಹೇಳಿದರು: “ಬಿದಿರನ್ನ ದಿಬ್ಬದ ಮೇಲೆ ಇಡಬೇಕು ಸಾರ್. ಬುಡ ಮುಳುಗಬಾರದು.”

“ದಿಬ್ಬ ಎಷ್ಟೆತ್ತರ?”

“ಅಲ್ಲಿ ನೀರು ಎಷ್ಟಿದೆ ಅನ್ನೋದರ ಮೇಲೆ ಸಾರ್.”

ಸಾಹೇಬರು ಬಗ್ಗಿ, ಅಂಗೈಯನ್ನು ತಮ್ಮ ಮೊಣಕಾಲಿನ ಪಕ್ಕಕ್ಕೆ ಹಿಡಿದು ತೋರಿಸಿದರು. ಹಿಡಿದ ಕೈಯನ್ನು ಒಂದು ಕ್ಷಣ ನೋಡಿಕೊಂಡರು. ಆಮೇಲೆ ಅದನ್ನು ಮೆಲ್ಲಗೆ ಜೇಬಿನೊಳಗೆ ಇಟ್ಟುಕೊಂಡರು.

“ವಿವರಣೆ ಹತ್ತು ಗಂಟೆಗೆ,” ಎಂದರು. “ಪೂರ್ತಿ.”

ಜೀಪು ಹೊರಟಿತು. ಹಿಂದಿನಿಂದ ಚಾಚಿಕೊಂಡಿದ್ದ ಬಿದಿರು ಗುಂಡಿ ಬಂದ ಕಡೆಯಲ್ಲೆಲ್ಲ ಹೌದು ಹೌದು ಎಂದು ತಲೆಯಾಡಿಸುತ್ತ ಹೋಯಿತು.

ದೀಪ ಹಚ್ಚುವ ಹೊತ್ತಿಗೆ ಕಿವಿರಾಯರು ಮೇಜಿನ ಮುಂದೆ ಕೂತು, ಕಾಗದಕ್ಕೆ ಗೆರೆ ಎಳೆದು ನಾಲ್ಕು ಅಂಕಣ ಮಾಡಿ ಪಟ್ಟಿ ಶುರುಮಾಡಿದರು. ಒಂದು, ದರ್ಜಿ, ಕಾಬಾಳೆ ಆರು ಬುಡ, ನೀರು ಹಿಮ್ಮಡಿಯವರೆಗೆ. ಎರಡು, ಬೇಕರಿ. ಮೂರು, ಮೇಡಂ, ಹತ್ತೊಂಬತ್ತು. ಎಂಟರವರೆಗೆ ಪೆನ್ನು ಸರಾಗವಾಗಿ ಓಡಿತು. ಒಂಬತ್ತು ಎಂದು ಬರೆದು ನಿಂತಿತು.

ಬಿದಿರು ಒಯ್ದವರ ಹೆಸರು ಬಿಟ್ಟರೆ ಸುಳ್ಳು ವರದಿ. ಬರೆದರೆ, ಆ ವರದಿಯನ್ನು ಓದುವವರು ಯಾರು?

ಹೆಂಡತಿ ಕೆಸರಿನ ಹೊದಿಕೆಗಳನ್ನು ಎರಡನೆಯ ಸಲ ಹಿಂಡಿ ಬಂದು, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅವರ ಭುಜದ ಮೇಲಿಂದ ಇಣುಕಿದರು.

“ಒಂಬತ್ತು ಖಾಲಿ ಬಿಟ್ಟಿದ್ದೀರಲ್ಲ?”

“ಏನು ಬರೀಲಿ ಅಂತಾನೇ ತಿಳೀತಿಲ್ಲ ಕಣೇ.”

“ಸಾಹೇಬ್ರು ಏನು ಹೇಳಿದ್ರೋ ಅದನ್ನೇ ಬರೀರಿ.”

ಕಿವಿರಾಯರು ಪೆನ್ನು ಎತ್ತಿಕೊಂಡರು. ತಮ್ಮ ದುಂಡು ಅಕ್ಷರದಲ್ಲಿ, ನಾಲ್ಕೂ ಅಂಕಣ ತುಂಬುವಂತೆ ಬರೆದರು: ‘ಒಂಬತ್ತು. ದೊಡ್ಡ ಸಾಹೇಬರ ಸ್ನೇಹಿತರೊಬ್ಬರು. ಬಿದಿರು, ಒಂದು ಬುಡ. ನೀರು ಮೊಣಕಾಲಿನವರೆಗೆ (ಮೊಣಕಾಲು ಸಾಹೇಬರದು).’

ಬರೆದದ್ದನ್ನು ಎರಡು ಸಲ ಓದಿದರು. ಒಂದಕ್ಷರವೂ ಸುಳ್ಳಿರಲಿಲ್ಲ. ಎರಡು ವರ್ಷದಲ್ಲಿ ಅವರು ಬರೆದ ಮೊದಲ ಸತ್ಯವಾದ ವರದಿ ಅದು, ಪ್ರಾಯಶಃ ಕೊನೆಯದೂ ಕೂಡ. ಉಸಿರು ಬಿಗಿಹಿಡಿದು ಸಹಿ ಹಾಕಿದರು.